ಗೇರಕ್ಕನ ಕಾರಿಗೆ ಬೇರೆಯವರ ಗಾಲಿ

ಗೇಟು ತೆಗೆದ ಗೇರಕ್ಕನಿಗೆ ಒಂದು ಕ್ಷಣ ತಾನು ಬೇರೆ ಯಾರದೋ ಮನೆಗೆ ಬಂದೆನೇನೋ ಅನ್ನಿಸಿತು. ಅಂಗಳ ಅದೇ, ಒಣಹಾಕಿದ ಬಟ್ಟೆ ಅದೇ, ಕಾರು ಮಾತ್ರ ಅದಲ್ಲ. ಅಪ್ಪನ ಬೂಟು ಹಾಕಿಕೊಂಡ ಮಗುವಿನ ಹಾಗೆ ಅವಳ ಪುಟ್ಟ ಬಿಳಿ ಕಾರು ಕಾಲಗಲಿಸಿ ನಿಂತಿತ್ತು. ನಾಲ್ಕೂ ಗಾಲಿ ಫಳಫಳ ಹೊಳೆಯುತ್ತಿದ್ದವು. ಪಕ್ಕದಲ್ಲಿ, ಮೂಗಿನ ತುದಿಗೆ ಗ್ರೀಸು ಮೆತ್ತಿಕೊಂಡು, ಗಾಲಿಗಳಿಗಿಂತ ಹೆಚ್ಚು ಹೊಳೆಯುತ್ತ ಅವಳ ಗಂಡ ನಿಂತಿದ್ದ.

"ಹೇಗಿದೆ? ಹೇಳು, ಹೇಗಿದೆ?"

ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತೆ ಇಣುಕಿದರು. "ಇದಕ್ಕೇನಾಯ್ತೋ? ಕಾಲು ಬಾತುಕೊಂಡಿದೆಯಲ್ಲ!"

"ಬಾತಿಲ್ಲಮ್ಮ, ಅಲಾಯ್ ವೀಲು! ನನ್ನ ಗೆಳೆಯ ದೊಡ್ಡ ಕಾರು ಇಟ್ಟಿದ್ನಲ್ಲ, ಮಾರೋವಾಗ ಹಳೇ ಗಾಲಿ ಹಾಕಿ ಕೊಟ್ಟು ಇವನ್ನ ಉಳಿಸ್ಕೊಂಡಿದ್ದ. ಅವನ ಬಚ್ಚಲುಮನೆ ಪೈಪೆಲ್ಲಾ ನಾನು ಹಾಕ್ಕೊಟ್ಟೆ, ಅವನು ಗಾಲಿ ಕೊಟ್ಟ."

"ಅವನ ಕಾರಿನ ಕಂಪನಿನೇ ಬೇರೆ ಅಲ್ವಾ? ಅದರ ಗಾಲಿಗೆ ಐದು ತೂತು, ನಮ್ಮದಕ್ಕೆ ನಾಲ್ಕು," ಎಂದಳು ಗೇರಕ್ಕ.

ಅವನು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಜೇಬಿನಿಂದ ಕರ್ಚೀಫು ತೆಗೆದು ಕೈ ಒರೆಸಿಕೊಂಡು, ಪಾಠ ಶುರುಮಾಡುವ ಮೇಷ್ಟರ ಹಾಗೆ ಗಂಟಲು ಸರಿಮಾಡಿಕೊಂಡ. "ಅದಕ್ಕೇ ತಾನೇ ಅಡಾಪ್ಟರು! ತಟ್ಟೆ ಥರ ಒಂದು ಅಲ್ಯೂಮಿನಿಯಂ ಬಿಲ್ಲೆ, ಎರಡು ಬೆರಳು ದಪ್ಪ. ಒಳಗಡೆ ನಮ್ಮ ಕಾರಿನ ನಾಲ್ಕು ಬೋಲ್ಟಿಗೆ ಅದನ್ನ ಕೂರಿಸೋದು. ಅದರ ಹೊರಮೈಯಲ್ಲಿ ಐದು ಬೋಲ್ಟು ಇರತ್ತೆ, ಅದಕ್ಕೆ ಅವರ ಗಾಲಿ ಕೂರಿಸೋದು. ಅಂಗಡೀಲಿ ಒಂದಿಂಚಿನ ಪೈಪಿಗೆ ಅರ್ಧ ಇಂಚಿಂದು ಸೇರಿಸಲ್ವಾ, ರಿಡ್ಯೂಸರ್ ಹಾಕಿ? ಅದೇ ಕಣೇ! ನಡುವೆ ಸರಿಯಾದ ತುಂಡೊಂದಿದ್ರೆ ಯಾವುದಕ್ಕೆ ಯಾವುದು ಬೇಕಾದ್ರೂ ಕೂರತ್ತೆ."

ಇದು ಅವನ ವೇದವಾಕ್ಯ. ಪೈಪು, ನಲ್ಲಿ, ಎಲ್ಬೋಗಳ ಅಂಗಡಿ ಇಟ್ಟುಕೊಂಡವನಿಗೆ ಲೋಕವೆಲ್ಲ ಅಳತೆ ತಪ್ಪಿದ ಪೈಪುಗಳ ಹಾಗೆ ಕಾಣುತ್ತಿತ್ತು. ಎಲ್ಲಕ್ಕೂ ನಡುವೆ ಹಾಕಲು ಅವನ ಬಳಿ ಒಂದು ತುಂಡು ಇರುತ್ತಿತ್ತು. ಮನೆಯ ಅಡುಗೆಕಟ್ಟೆಯ ನಲ್ಲಿಗೆ ಯಾವುದೋ ಆಸ್ಪತ್ರೆಯ ನಲ್ಲಿಯ ಕತ್ತಿತ್ತು. ಊಟದ ಮೇಜಿನ ಒಂದು ಕಾಲು ಹಿಂದಿನ ಜನ್ಮದಲ್ಲಿ ಕಬ್ಬಿಣದ ಮಂಚಕ್ಕೆ ಸೇರಿದ್ದು. ಬಚ್ಚಲಿನ ಶವರು ಮೊದಲು ತೋಟಕ್ಕೆ ನೀರು ಹಾಯಿಸುತ್ತಿತ್ತು. ಅದರ ಕೆಳಗೆ ನಿಂತವರಿಗೆ ತಾವು ಗಿಡವೇನೋ ಎಂಬ ಅನುಮಾನ ಬರುವುದಿತ್ತು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅವು ಯಾವುವೂ ಒಂದು ಹನಿ ಸೋರುತ್ತಿರಲಿಲ್ಲ.

"ಮೊನ್ನೆ ಕಲಿಯೋಕೆ ಬಂದ ಆ ಹುಡುಗಿ ಅಪ್ಪ ನಿನ್ನ ಕಾರು ನೋಡಿ 'ಇದೇನಾ?' ಅಂದ್ನಂತಲ್ಲ," ಎಂದ ಗಂಡ, ಸ್ವರ ತಗ್ಗಿಸಿ. "ಇನ್ನೊಂದ್ಸಲ ಅನ್ನಲಿ, ನೋಡೋಣ."

ಗೇರಕ್ಕ ಆ ಮಾತನ್ನು ಅಂದೇ ಮರೆತಿದ್ದಳು. ಇವನು ಮರೆತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಗಾಲಿ ಬೇಡವೆನ್ನಬಹುದು, ಆ ಮಾತನ್ನು ಇಷ್ಟು ದಿನ ಎದೆಯಲ್ಲಿಟ್ಟುಕೊಂಡು ಓಡಾಡಿದವನಿಗೆ ಬೇಡ ಅನ್ನುವುದು ಹೇಗೆ?

ಗೇರಕ್ಕ ಅನ್ನುವುದು ಬೀದಿಯವರು ಇಟ್ಟ ಹೆಸರು. ಊರಿನ ಅರ್ಧ ಹೆಂಗಸರಿಗೆ ಕಾರು ಕಲಿಸಿದವಳು ಅವಳು. ಅವಳ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ಅವಳ ಕಾಲ ಬಳಿ ಇನ್ನೊಂದು ಬ್ರೇಕು. ಕಲಿಯುವವರು ಗಾಬರಿಯಾಗಿ ಎಲ್ಲ ಬಿಟ್ಟು ಕಣ್ಣು ಮುಚ್ಚಿಕೊಂಡರೂ ಅವಳ ಕಾಲು ತನ್ನ ಕೆಲಸ ಮಾಡುತ್ತಿತ್ತು. ಹಗಲೆಲ್ಲ ಬೀದಿಬೀದಿಯಲ್ಲಿ "ಬ್ರೇಕ್! ಬ್ರೇಕ್ ಅಂದೆ!" ಎಂದು ಕೂಗುವ ಈ ಹೆಂಗಸಿಗೆ ಮನೆಯಲ್ಲಿ ಮಾತ್ರ ಆ ಪೆಡಲು ಎಲ್ಲಿದೆ ಎಂದು ಇವತ್ತಿಗೂ ಗೊತ್ತಾಗಿರಲಿಲ್ಲ.

"ಚೆನ್ನಾಗಿದೆ," ಎಂದಳು.

ಅತ್ತೆ ಬಗ್ಗಿ, ಮಡ್‌ಗಾರ್ಡಿನ ಅಂಚಿಗೂ ಗಾಲಿಯ ಹೊರಮೈಗೂ ನಡುವೆ ಬೆರಳಿಟ್ಟು ನೋಡಿದರು. ಮಗ ಜಾಕು ಎತ್ತಿಡಲು ಹಿತ್ತಲಿಗೆ ಹೋದದ್ದೇ ತಡ, ಸೊಸೆಯ ಕಿವಿಯಲ್ಲಿ, "ಎರಡು ಬೆರಳು ಆಚೆ ಬಂದಿದೆ ಕಣೇ. ನಾಳೆ ಏನು ಗತಿ?" ಎಂದರು.

ನಾಳೆ ಅತ್ತೆಯ ಡ್ರೈವಿಂಗ್ ಪರೀಕ್ಷೆ. ಅದು ಮನೆಯಲ್ಲಿ ಮಗನಿಗೆ ಮಾತ್ರ ಗೊತ್ತಿರಲಿಲ್ಲ.

ಅತ್ತೆ ಟೈಲರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬಿಗಿಯಾದದ್ದನ್ನು ಸಡಿಲಿಸುವುದು, ಸಡಿಲಾದದ್ದನ್ನು ಹಿಡಿಯುವುದು, ಅಣ್ಣನ ಕೋಟನ್ನು ತಮ್ಮನಿಗೆ ಇಳಿಸುವುದು. ಕಳೆದ ವರ್ಷ ಒಂದು ಮಧ್ಯಾಹ್ನ, ಅಂಗಳದಲ್ಲಿ ನಿಂತ ಕಾರಿನೊಳಗೆ ಅವರು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದನ್ನು ಗೇರಕ್ಕ ಕಂಡಿದ್ದಳು. ಸಿಕ್ಕಿಬಿದ್ದವರ ಹಾಗೆ ನಾಚಿಕೊಂಡು, "ನನ್ನ ಮೆಷಿನ್ನಿಗೆ ಒಂದೇ ಪೆಡಲು. ಇದಕ್ಯಾಕೆ ಮೂರು?" ಎಂದು ಕೇಳಿದ್ದರು. ಮರುದಿನದಿಂದ ಪಾಠ ಶುರುವಾಯಿತು. ಜೀವಮಾನವೆಲ್ಲ ಹೊಲಿಗೆ ಮೆಷಿನ್ನು ತುಳಿದ ಕಾಲು. ಕ್ಲಚ್ಚು ಅವರಿಗೆ ಬೆಣ್ಣೆ. ಹಿಮ್ಮುಖವಾಗಿ ಪಾರ್ಕ್ ಮಾಡುವುದೇ ಕಬ್ಬಿಣದ ಕಡಲೆ. ಎರಡು ಪರೀಕ್ಷೆಯಲ್ಲೂ ಹಿಂದಿನ ಗಾಲಿ ಬಿಳಿ ಗೆರೆಗೆ ಮುತ್ತಿಟ್ಟು ಫೇಲಾಗಿದ್ದರು. ಈ ಸಲವೂ ಹೋದರೆ ಕಲಿಕೆಯ ಲೈಸೆನ್ಸಿನ ಅವಧಿ ಮುಗಿದು ಮತ್ತೆ ಮೊದಲಿನಿಂದ. "ಇನ್ನೊಂದ್ಸಲ ಮೊದಲಿಂದ ಅಂದ್ರೆ ನನ್ನ ಕೈಲಾಗಲ್ಲ. ಸೂಜಿ ದಾರಕ್ಕೆ ವಾಪಸ್ಸು," ಎಂದುಬಿಟ್ಟಿದ್ದರು.

"ನಿಮಗೆ ಎಲ್ಲಿಗೆ ಹೋಗ್ಬೇಕು ಅತ್ತೆ?" ಎಂದು ಗೇರಕ್ಕ ಒಮ್ಮೆ ಕೇಳಿದ್ದಳು.

ಅತ್ತೆ ಬಹಳ ಹೊತ್ತು ಯೋಚಿಸಿದ್ದರು. "ಎಲ್ಲಿಗೂ ಇಲ್ಲ ಕಣೇ. ಹುಟ್ಟಿದಾಗಿಂದ ಎಲ್ಲಿಗೆ ಹೋದ್ರೂ ಹೇಳಿ ಹೋಗಿದೀನಿ. ಮೊದ್ಲು ನಮ್ಮಪ್ಪಂಗೆ, ಆಮೇಲೆ ನಿಮ್ಮ ಮಾವಂಗೆ, ಈಗ ಇವನಿಗೆ. ಒಂದ್ಸಲ, ಒಂದೇ ಒಂದ್ಸಲ, ಎಲ್ಲಿಗೆ ಅಂತ ಹೇಳದೆ ಹೋಗಿ ಬರ್ಬೇಕು."

ಮಗ ಕೆಟ್ಟವನಲ್ಲ. ಅಮ್ಮ ಎಲ್ಲಿಗೆ ಅಂದರೂ ಅಂಗಡಿ ಬಾಗಿಲು ಅರ್ಧ ಎಳೆದು ಓಡಿ ಬರುವವನು. "ನಾನಿದ್ದೀನಲ್ಲಮ್ಮ, ಈ ವಯಸ್ಸಲ್ಲಿ ನಿನಗ್ಯಾಕೆ ಆ ಕಷ್ಟ?" ಎನ್ನುವವನು. ಅಷ್ಟು ಒಳ್ಳೆಯವನಾಗಿರುವುದರಿಂದಲೇ ಅವನಿಗೆ ಹೇಳುವಂತಿರಲಿಲ್ಲ. ಅತ್ತೆಯ ಮಾತು ಕೇಳಿದಂದಿನಿಂದ ಗೇರಕ್ಕನೊಳಗೂ ಏನೋ ಚುಚ್ಚುತ್ತಿತ್ತು. ಹಗಲೆಲ್ಲ ಊರು ಸುತ್ತುವವಳು ತಾನು. ಆದರೂ ಯಾವ ಹೊತ್ತಿಗೆ ಯಾವ ತಿರುವಿನಲ್ಲಿರುತ್ತಾಳೆ ಎಂದು ಮೂರನೆಯವರೂ ಹೇಳಬಲ್ಲರು. ಗಾಲಿಯ ಮೇಲೆ ಕೂತ ಮಾತ್ರಕ್ಕೆ ಹೋದಂತಾಗುವುದಿಲ್ಲ ಎಂದು ಆಗ ಹೊಳೆದಿತ್ತು.

ಹಿಮ್ಮುಖದ ಪಾಠ ಕೊನೆಗೂ ಹತ್ತಿದ್ದು ಒಂದು ಮಾತಿನಿಂದ. "ಅತ್ತೆ, ಆ ಬಿಳಿ ಗೆರೆ ಇದೆಯಲ್ಲ, ಅದನ್ನ ಬಟ್ಟೆಯ ತುದಿ ಅಂದ್ಕೊಳ್ಳಿ. ನೀವು ತುದೀಲೇ ಹೊಲಿಗೆ ಹಾಕ್ತೀರಾ? ಅಂಚು ಬಿಡ್ತೀರಲ್ವಾ?" ಎಂದಿದ್ದಳು ಸೊಸೆ. ಅತ್ತೆಯ ಮುಖದಲ್ಲಿ ದೀಪ ಹತ್ತಿತ್ತು. "ಅದನ್ನ ಮೊದಲೇ ಹೇಳ್ಬಾರದಿತ್ತಾ! ಬರೀ ಮಿರರ್, ಮಿರರ್ ಅಂತ ಬಡ್ಕೊಂಡೆಯಲ್ಲ!"

ಇವತ್ತು ಭಾನುವಾರ ಇಬ್ಬರೂ ಗುಂಡಿ ತರುವ ನೆಪ ಹೇಳಿ ನಡೆದುಹೋದದ್ದು ಪರೀಕ್ಷೆಯ ಮೈದಾನಕ್ಕೆ. ಅತ್ತೆ ಟೇಪು ಬಿಚ್ಚಿ ಪಾರ್ಕಿಂಗ್ ಚೌಕವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದಿದ್ದರು. "ಏನಮ್ಮಾ, ನೆಲಕ್ಕೆ ಅಂಗಿ ಹೊಲಿಸ್ತೀರಾ?" ಎಂದು ಕಾವಲುಗಾರ ಕೇಳಿದ್ದಕ್ಕೆ, "ನಿನಗೇ ಒಂದು ಹೊಲಿಯೋಣ ಅಂತ, ಸೊಂಟದಳತೆ ಇಷ್ಟೇ ಇರ್ಬೋದಲ್ವಾ?" ಎಂದು ಅವನ ಬಾಯಿ ಮುಚ್ಚಿಸಿದ್ದರು. ಕಾರಿನ ಅಗಲ ಕಳೆದು, ಆಚೆಗಿಷ್ಟು ಈಚೆಗಿಷ್ಟು ಎಂದು ಅಂಚು ಲೆಕ್ಕಹಾಕಿಕೊಂಡು ಹಾಡು ಗುನುಗುತ್ತ ಮನೆಗೆ ಬಂದರೆ, ಕಾರು ಆಚೆಗೆರಡು ಈಚೆಗೆರಡು ಬೆರಳು ದಪ್ಪಗಾಗಿ ನಿಂತಿತ್ತು.

"ಹೇಳೇ ಅವನಿಗೆ," ಎಂದು ಅತ್ತೆ ಸಂಜೆ ಅಡುಗೆಮನೆಯಲ್ಲಿ ತಿವಿದರು.

ಗೇರಕ್ಕ ಕಿಟಕಿಯಿಂದ ನೋಡಿದಳು. ಗಂಡ ಪಕ್ಕದ ಮನೆಯವರನ್ನು ಕರೆದುಕೊಂಡು ಬಂದು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿಸುತ್ತಿದ್ದ. "ನಾಳೆ ಒಂದಿನ ಕಳೀಲಿ ಅತ್ತೆ. ಆಮೇಲೆ ಮೆಲ್ಲಗೆ ಹೇಳ್ತೀನಿ."

"ಬೀದೀಲಿ ಹುಲಿ, ಮನೇಲಿ ಇಲಿ," ಎಂದು ಅತ್ತೆ ಈರುಳ್ಳಿ ಹೆಚ್ಚತೊಡಗಿದರು.

ಬೆಳಿಗ್ಗೆ ಗಂಡ ಗೇಟಿನವರೆಗೂ ಬಂದು ಬೀಳ್ಕೊಟ್ಟ. ಅತ್ತೆಯ ಕೈಯಲ್ಲಿ ಬಟ್ಟೆಯ ಚೀಲ. ಯಾರದೋ ಮನೆಗೆ ಕೋಟಿನ ಅಳತೆ ನೋಡಲು ಹೋಗುವುದೆಂದು ನೆಪ. ಗೇಟು ದಾಟುವಾಗ ಯಾವತ್ತೂ ಕಣ್ಣುಮುಚ್ಚಿ ಪಾರಾಗುತ್ತಿದ್ದ ಗೇರಕ್ಕ ಈ ದಿನ ಉಸಿರು ಬಿಗಿಹಿಡಿದಳು.

"ಮೆಲ್ಲಗೆ ಓಡಿಸು, ಗಾಲಿ ಹೊಸದು!" ಎಂದು ಅವನು ಕೈ ಬೀಸಿದ.

ಪರೀಕ್ಷೆಯ ಮೈದಾನಕ್ಕೆ ಹೋಗುವ ದಾರಿಯಲ್ಲಿ ಬಾಗಿಲು ಮುಚ್ಚಿದ ಹಳೆಯ ಥಿಯೇಟರೊಂದಿತ್ತು. ಅದರ ಖಾಲಿ ಅಂಗಳ ಇವರಿಬ್ಬರ ಪಾಠಶಾಲೆ. ಗೋಡೆಯ ಮೇಲೆ ಅರ್ಧ ಹರಿದ ಪೋಸ್ಟರಿನ ನಾಯಕನೊಬ್ಬ ಒಂದೇ ಕಣ್ಣಿನಲ್ಲಿ ಅತ್ತೆಯ ಎಲ್ಲ ತಪ್ಪುಗಳನ್ನೂ ನೋಡಿದ್ದ. ಅತ್ತೆ ಚೀಲದಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ನಿನ್ನೆಯ ಅಳತೆಗೆ ಸರಿಯಾಗಿ ನೆಲದ ಮೇಲೆ ಚೌಕ ಬರೆದು, ಸೀಟಿಗೆ ಹತ್ತಿದರು. ಇನ್ನೂ ಸಾಕಷ್ಟು ಹೊತ್ತಿತ್ತು.

ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ ಕೂಡಲೇ ಮುಂದಿನಿಂದ "ಗರ್ರ್" ಎಂದು ಸದ್ದು ಬಂತು. ಹೊರಚಾಚಿದ ಗಾಲಿ ಮಡ್‌ಗಾರ್ಡಿನ ಒಳಮೈಗೆ ಉಜ್ಜುತ್ತಿತ್ತು. ಹಿಂದಕ್ಕೆ ಬಿಟ್ಟರು. ಅಂಚು ಸರಿಯಾಗಿಯೇ ಬಿಟ್ಟಿದ್ದರು, ಆದರೆ ಆ ಅಂಚನ್ನು ಗಾಲಿಗಳು ತಿಂದುಹಾಕಿದ್ದವು. ಎಡಗಡೆಯ ಹಿಂದಿನ ಗಾಲಿ ಗೆರೆಯ ಮೇಲೇ ಕೂತಿತು.

"ಅಯ್ಯೋ, ಮತ್ತೆ!" ಎಂದರು ಅತ್ತೆ.

"ಇನ್ನೊಂದ್ಸಲ. ಅಂಗಳಕ್ಕೊಂದು ಸುತ್ತು ಹಾಕಿ ಬನ್ನಿ. ಗಾಬರಿ ಬೇಡ."

ಅತ್ತೆ ಸುತ್ತು ಹಾಕಿದರು. ಎರಡನೇ ಗೇರಿಗೆ ಬಂದಾಗ ಸ್ಟೇರಿಂಗು ಮೆಲ್ಲಗೆ ಕಂಪಿಸತೊಡಗಿತು. ಆಮೇಲೆ ಮೆಲ್ಲಗಲ್ಲ.

"ಕೈ ನಡುಗಿಸ್ಬೇಡಿ ಅತ್ತೆ."

"ನನ್ನ ಕೈಯಲ್ಲ ಕಣೇ, ಇದು! ಇದೇ ನಡುಗ್ತಿರೋದು!"

ಗೇರಕ್ಕನ ಕಾಲು ಅವಳಿಗಿಂತ ಮೊದಲು ಅರ್ಥಮಾಡಿಕೊಂಡಿತು. ಎರಡನೇ ಬ್ರೇಕು ಬಿತ್ತು, ಕಾರು ನಿಂತಿತು. ಎರಡೂ ಬಾಗಿಲು ಒಟ್ಟಿಗೆ ತೆರೆದವು. ಮುಂದಿನ ಗಾಲಿಯ ಬಳಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ, ಹೊಳಪು ಮಾತ್ರ.

"ಇಲ್ನೋಡು, ಇಲ್ಲಿ ದಾರ ಬಿಟ್ಟಿದೆ," ಎಂದರು ಅತ್ತೆ.

ಒಂದು ನಟ್ಟಿನ ಬುಡದಲ್ಲಿ ಬಿಳಿಯ ಎಳೆಯೊಂದು ಇಣುಕುತ್ತಿತ್ತು. ಬಿಟ್ಟ ದಾರವನ್ನು ಕಂಡು ಸುಮ್ಮನಿರುವ ಟೈಲರು ಈ ಭೂಮಿಯ ಮೇಲಿಲ್ಲ. ಅತ್ತೆ ಎರಡು ಉಗುರಿನಲ್ಲಿ ಹಿಡಿದು ಎಳೆದರು. ಬಂತು. ಇನ್ನೂ ಎಳೆದರು. ಇನ್ನೂ ಬಂತು. ತೆಳ್ಳಗೆ, ಬೆಳ್ಳಗೆ, ಸುರುಳಿಸುರುಳಿಯಾಗಿ ಅದು ಬರುತ್ತಲೇ ಇತ್ತು.

ಗೇರಕ್ಕ ಅದರ ತುದಿಯನ್ನು ಬೆರಳಿಗೆ ಸುತ್ತಿ ನೋಡಿದಳು. ಅದೇನೆಂದು ಅವಳಿಗೆ ಗೊತ್ತಿತ್ತು. ಅವಳ ಮನೆಯ ಪ್ರತಿಯೊಂದು ನಲ್ಲಿಯ ಕತ್ತಿನಲ್ಲೂ ಅದಿತ್ತು. ಗಂಡನ ಅಂಗಿ ಒಗೆಯುವಾಗ ಜೇಬಿನಲ್ಲಿ ಅದರ ಸುರುಳಿ ಸಿಗುತ್ತಿತ್ತು. ನೀರು ಸೋರದ ಹಾಗೆ ಪೈಪಿನ ತುದಿಯ ತಿರುಪಿನ ಗೆರೆಗಳಿಗೆ, ಅಂದರೆ ಮರೆಗೆ, ಸುತ್ತುವ ಟೆಫ್ಲಾನ್ ಟೇಪು. ನಟ್ಟು ಕಂಡಲ್ಲಿ ಟೇಪು ಸುತ್ತಿ ಅಭ್ಯಾಸವಾದ ಕೈ, ಕಾರಿನ ಬೋಲ್ಟಿಗೂ ಪ್ರೀತಿಯಿಂದ ಸುತ್ತಿತ್ತು. ಟೇಪಿನಿಂದ ನುಣುಪಾದ ಮರೆಯ ಮೇಲೆ ಕಬ್ಬಿಣ ಕಬ್ಬಿಣವನ್ನು ಹಿಡಿಯುವುದೆಲ್ಲಿ ಬಂತು?

ಅವಳು ನಟ್ಟಿಗೆ ಕೈ ಹಾಕಿದಳು. ಸ್ಪ್ಯಾನರ್ ಬೇಕಾಗಲಿಲ್ಲ. ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ ಅದು ಬೆರಳಿನಲ್ಲೇ ತಿರುಗಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಥಿಯೇಟರಿನ ಆಚೆ ದೊಡ್ಡ ರಸ್ತೆಯಲ್ಲಿ ಬಸ್ಸೊಂದು ಬುಸುಗುಟ್ಟಿ ಹೋಯಿತು.

"ಬಿಗಿ ಮಾಡ್ಕೊಂಡು ಮೆಲ್ಲಗೆ ಹೋದ್ರೆ?" ಎಂದು ಗೇರಕ್ಕ ಅಂದಳು, ತನಗೇ ನಂಬಿಕೆಯಿಲ್ಲದ ದನಿಯಲ್ಲಿ. "ಮೈದಾನ ಇಲ್ಲೇ ಇದೆ."

"ನಿನ್ನ ಹತ್ರ ಕಲಿಯೋರು ಯಾರಾದ್ರೂ ಹೀಗಂದ್ರೆ ಏನಂತಿದ್ದೆ?"

"ಕಿವಿ ಹಿಂಡ್ತಿದ್ದೆ."

"ಮತ್ತೆ? ಹಳೇ ಗಾಲಿ ಮನೆ ಹಿತ್ತಲಲ್ಲೇ ಇದೆ. ಅಂಗಡಿ ವ್ಯಾನಲ್ಲಿ ಹಾಕ್ಕೊಂಡು ಬರ್ಲಿ. ಕರಿ ಅವನನ್ನ."

"ನಿಮ್ಮ ಗುಟ್ಟು, ಅತ್ತೆ?"

"ಗುಟ್ಟಿಗಿಂತ ಗಾಲಿ ದೊಡ್ಡದು. ಕರಿ."

ಗಂಡ ಬಂದ ವೇಗ ನೋಡಿದರೆ ಅವನಿಗೇ ಪಾಠ ಬೇಕೆನ್ನಿಸುವಂತಿತ್ತು. ವ್ಯಾನಿನ ಹಿಂದೆ ಪೈಪುಗಳ ನಡುವೆ ನಾಲ್ಕು ಹಳೆಯ ಗಾಲಿ. ಅದರಲ್ಲೊಂದಕ್ಕೆ ಆಗಲೇ ತೋಟದ ನೀರಿನ ಪೈಪನ್ನು ಸೊಗಸಾಗಿ ಸುತ್ತಿಯಾಗಿತ್ತು. ಕೆಳಗಿಳಿದವನು ಮೊದಲು ಕಂಡದ್ದು ಕಾರನ್ನಲ್ಲ. ಚಾಲಕರ ಸೀಟಿನಲ್ಲಿ ನೆಟ್ಟಗೆ ಕೂತ ಅಮ್ಮನನ್ನು.

"ಅಮ್ಮಾ, ನೀನ್ಯಾಕೆ ಅಲ್ಲಿ ಕೂತಿದೀಯಾ?"

"ಕೂತಿಲ್ಲ, ಓಡಿಸ್ತಿದ್ದೆ."

"ಕೋಟಿನ ಅಳತೆ?"

"ಕೋಟೂ ಇಲ್ಲ, ಗುಂಡೀನೂ ಇಲ್ಲ. ಇವತ್ತು ನನ್ನ ಲೈಸೆನ್ಸ್ ಪರೀಕ್ಷೆ. ಮೂರನೇ ಸಲ. ಬೇಗ ಜಾಕು ಹಾಕು, ಆಮೇಲೆ ಬೈಯುವಂತೆ."

ಅವನು ಹೆಂಡತಿಯ ಕಡೆ ತಿರುಗಿದ. "ನೀನೂ ಸೇರ್ಕೊಂಡು ನನ್ನ ಹತ್ರ ಮುಚ್ಚಿಟ್ಯಾ?"

"ನೀವು ಗಾಲಿ ಮುಚ್ಚಿಟ್ಟಿರಲಿಲ್ವಾ?"

"ಅದು ಉಡುಗೊರೆ!"

"ಇದೂ ಅದೇ. ಕೊಡೋ ದಿನ ಇನ್ನೂ ಬಂದಿರಲಿಲ್ಲ, ಅಷ್ಟೇ." ಗೇರಕ್ಕ ಅಂಗೈ ಚಾಚಿದಳು. ಅದರಲ್ಲಿ ಬಿಳಿ ಸುರುಳಿಯಿತ್ತು. "ಇದೇನ್ರೀ?"

ಅವನು ಸುರುಳಿಯನ್ನು ನೋಡಿದ. ಮುಖ ಸಣ್ಣದಾಯಿತು. "ಲೂಸ್ ಆಗ್ಬಾರದು ಅಂತ... ಒಂದೊಂದಕ್ಕೆ ನಾಲ್ಕು ಸುತ್ತು ಹಾಕಿದ್ದೆ."

"ಇದು ನಲ್ಲಿ ಅಲ್ಲಾರೀ. ಇಲ್ಲಿ ನೀರು ಸೋರಲ್ಲ, ನಾವು ಸೋರ್ತೀವಿ!"

ಅತ್ತೆ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಗಾಲಿಯ ಬಳಿ ಕೂತು ನಟ್ಟನ್ನು ಬೆರಳಿನಲ್ಲಿ ಮುಟ್ಟಿದ, ಅದು ತಿರುಗಿತು. ಅವನ ಮುಖದ ಬಣ್ಣ ಇಳಿದುಹೋಯಿತು. ಅಮ್ಮನನ್ನೂ ಹೆಂಡತಿಯನ್ನೂ ಒಮ್ಮೆ ನೋಡಿದ. ಎದ್ದುಹೋಗಿ ಜಾಕು ತಂದ.

ಗೇರಕ್ಕನಿಗೆ ಅವನ ಬಗ್ಗಿದ ಬೆನ್ನು ನೋಡಿ ಅಯ್ಯೋ ಅನ್ನಿಸಿತು. ಇಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಏನಾಗುತ್ತದೆಂದೂ ಗೊತ್ತಿತ್ತು. ಗೊತ್ತಿದ್ದ ಹಾಗೆಯೇ ಬಂತು.

"ಟೇಪ್ ತೆಗೆದು, ಟೈರ್ ಅಂಗಡಿಯವನ ಕೈಲಿ ಸರಿಯಾಗಿ ಬಿಗಿ ಮಾಡಿಸಿ, ನಾಲ್ಕು ದಿನ ಬಿಟ್ಟು ಇನ್ನೊಂದ್ಸಲ ಬಿಗಿ ಮಾಡಿಸಿದ್ರೆ..." ಎಂದ ಅವನು, ತಲೆಯೆತ್ತದೆ. "ಮಡ್‌ಗಾರ್ಡ್ ಸ್ವಲ್ಪ ಮಡಚಿಸಿದ್ರೆ ಉಜ್ಜೋದೂ ಇಲ್ಲ. ಕೂರತ್ತೆ ಕಣೇ. ಎಷ್ಟೋ ಜನ ಹಾಕ್ಕೊಂಡು ಓಡಾಡ್ತಾರೆ."

"ಕೂರತ್ತೆ," ಎಂದಳು ಗೇರಕ್ಕ. "ಕೂರಲ್ಲ ಅಂತ ನಾನಂದ್ನಾ? ನನಗೆ ಬೇಡ ಅಂದೆ."

"ಯಾವಾಗಂದೆ?"

"ಈಗ. ನಿನ್ನೇನೇ ಹೇಳ್ಬೇಕಿತ್ತು. ಗಾಲಿ ಚೆನ್ನಾಗಿವೆ ರೀ. ಯಾಕೆ ಹಾಕಿದ್ರಿ ಅನ್ನೋದು ಇನ್ನೂ ಚೆನ್ನಾಗಿದೆ, ಅದನ್ನ ನಾನು ಇಟ್ಕೋತೀನಿ. ಗಾಲಿ ವಾಪಸ್ಸು ತಗೊಳ್ಳಿ. ಈ ಕಾರಿನ ಅಗಲ ನನ್ನ ಮೈಯಗಲ. ಕಣ್ಣುಮುಚ್ಚಿ ಹೇಳ್ತೀನಿ ಎಲ್ಲಿ ತಾಗತ್ತೆ, ಎಲ್ಲಿ ಪಾರಾಗತ್ತೆ ಅಂತ. ನಾಲ್ಕು ಜನಕ್ಕೆ ಕಲಿಸೋದು ಅದರ ಮೇಲೇ. ನನ್ನನ್ನ ಕೇಳದೆ ಅಗಲ ಮಾಡ್ಬೇಡಿ."

ಹೇಳಿ ಮುಗಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಮುಗ್ಗರಿಸಲಿಲ್ಲ, ಕಣ್ಣೀರು ಬರಲಿಲ್ಲ, ಯಾರೂ ಗೋಡೆಗೆ ಗುದ್ದಲಿಲ್ಲ. ಹೊತ್ತಿಗೆ ಸರಿಯಾಗಿ ಒತ್ತಿದ ಬ್ರೇಕು ಹೀಗೇ ಇರುತ್ತದಲ್ಲ, ಒಂದು ಸಣ್ಣ ಜಗ್ಗು, ಅಷ್ಟೇ.

ಗಂಡ ಗ್ರೀಸಾದ ಕೈಯನ್ನು ಕರ್ಚೀಫಿಗೆ ಒರೆಸಿಕೊಂಡ. "ನಲ್ಲಿ ಕತ್ತೂ ಬೇಡ್ವಾ?" ಎಂದು ಕೇಳಿದ.

"ನಲ್ಲಿ ಇರ್ಲಿ. ಶವರಿನ ವಿಷಯ ಆಮೇಲೆ ಮಾತಾಡೋಣ."

ಆಗ ಅವನು ನಕ್ಕ.

ಆಮೇಲೆ ಮೂವರೂ ಕೆಲಸಕ್ಕಿಳಿದರು. ಅವನು ಜಾಕು ಎತ್ತಿ ಹೊಳೆಯುವ ಗಾಲಿ ಕಳಚುವುದು, ಅದರ ಹಿಂದಿನ ಅಡಾಪ್ಟರ್ ಬಿಲ್ಲೆ ಬಿಚ್ಚುವುದು. ಒಳಗಿನ ಬೋಲ್ಟುಗಳಿಗೂ ಅವನು ಮರೆಯದೆ ಟೇಪು ಸುತ್ತಿದ್ದ. ಅತ್ತೆ ಚೀಲದಿಂದ ಸೂಜಿ ತೆಗೆದು, ತಪ್ಪು ಹೊಲಿಗೆ ಬಿಚ್ಚುವ ತಾಳ್ಮೆಯಲ್ಲಿ ಮರೆಮರೆಯೊಳಗಿನ ಬಿಳಿ ಎಳೆ ಕಿತ್ತು, ಬಟ್ಟೆಯ ಚೂರಿನಲ್ಲಿ ಒರೆಸಿದರು. "ಹೊಲಿಗೆ ಹಾಕೋದು ನೀನು, ಬಿಚ್ಚೋದು ನಾನು. ಚಿಕ್ಕಂದಿನಿಂದ ಇದೇ ಆಯ್ತು," ಎಂದು ಮಗನ ತಲೆಗೊಂದು ಮೊಟಕಿದರು. ಹಳೆಯ ಗಾಲಿ ಏರಿಸಿ ನಟ್ಟು ಬಿಗಿಮಾಡುವುದು ಗೇರಕ್ಕನ ಪಾಲು. ಒಂದು ಗಾಲಿಗೆ ಸುತ್ತಿದ ತೋಟದ ಪೈಪು ಬಿಚ್ಚುವುದಕ್ಕೇ ಎಲ್ಲಕ್ಕಿಂತ ಹೆಚ್ಚು ಹೊತ್ತಾಯಿತು.

ಮೈದಾನ ಸೇರುವಾಗ ಅತ್ತೆಯ ಹೆಸರು ಕೂಗಿಯಾಗಿತ್ತು. ಅವರು ಓಡಿಹೋಗಿ ಹತ್ತಿದರು. ಪರೀಕ್ಷಕ ಪೆನ್ನಿನ ತುದಿ ಕಚ್ಚುತ್ತ ಪಕ್ಕದಲ್ಲಿ ಕೂತ. ಗಂಡ ಹೆಂಡತಿ ತಂತಿಬೇಲಿಯ ಈಚೆ ನಿಂತರು.

"ಅಮ್ಮಂಗೆ ಕತ್ತುನೋವು ಬೇರೆ, ಹಿಂದೆ ಹೇಗೆ ತಿರುಗಿ ನೋಡ್ತಾಳೆ? ಎಡಕ್ಕೆ, ಎಡಕ್ಕೆ... ಅಯ್ಯೋ, ಹಿಂದೆ ಕಂಬ!"

"ಸುಮ್ನಿರಿ. ನಿಮ್ಮ ಕಾಲಡಿ ಬ್ರೇಕ್ ಇಲ್ಲ."

"ನಿನ್ನ ಕಾಲಡೀನೂ ಇಲ್ಲವಲ್ಲ!"

ಹೌದು, ಇರಲಿಲ್ಲ. ಗೇರಕ್ಕ ಕೆಳಗೆ ನೋಡಿಕೊಂಡಳು. ಅವಳ ಬಲಗಾಲು ಮಣ್ಣನ್ನು ಒತ್ತಿ ಹಿಡಿದಿತ್ತು. ಮೆಲ್ಲಗೆ ಸಡಿಲಿಸಿದಳು.

ಕಾರು ಹಿಂದಕ್ಕೆ ಬಂತು. ನಿಂತಿತು. ಅತ್ತೆಯ ತಲೆ ಕಿಟಕಿಯಿಂದ ಹೊರಬಂದು, ಗೆರೆಯನ್ನು ನೋಡಿ, ತುಟಿಯಲ್ಲೇ ಏನೋ ಲೆಕ್ಕ ಹಾಕಿ ಒಳಗೆ ಹೋಯಿತು. ಸ್ಟೇರಿಂಗು ತಿರುಗಿತು. ಪುಟ್ಟ ಬಿಳಿ ಕಾರು, ತನ್ನದೇ ಹಳೆಯ ಗಾಲಿಗಳ ಮೇಲೆ, ಎರಡು ಗೆರೆಯ ನಡುವೆ ಜೇಬಿಗೆ ಕರ್ಚೀಫು ಇಳಿದ ಹಾಗೆ ಇಳಿಯಿತು. ಆಚೆಗೂ ಅಂಚು, ಈಚೆಗೂ ಅಂಚು.

ಪಾಸೆಂದು ಕೇಳಿ ಮೊದಲು ಅತ್ತದ್ದು ಮಗ. "ಗ್ರೀಸು ಕಣ್ಣಿಗೆ ಹೋಯ್ತು," ಎಂದ.

ಲೈಸೆನ್ಸು ಕೈಗೆ ಬಂದ ದಿನ ಅತ್ತೆ ಮಧ್ಯಾಹ್ನದವರೆಗೆ ಎಂದಿನಂತೆ ಹೊಲಿದರು. ಊಟವಾದ ಮೇಲೆ ಮೆಷಿನ್ನಿಗೆ ಬಟ್ಟೆ ಮುಚ್ಚಿ, ತಲೆ ಬಾಚಿಕೊಂಡು, ಮೊಳೆಯಲ್ಲಿ ತೂಗುಹಾಕಿದ್ದ ಬೀಗದಕೈ ತೆಗೆದುಕೊಂಡರು. ಸೊಸೆಯ ಕಡೆ ನೋಡಿದರು. ಸೊಸೆ ತಲೆಯಾಡಿಸಿದಳು. ಊಟಕ್ಕೆ ಬಂದಿದ್ದ ಮಗ ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಮೆಟ್ಟುತ್ತಿರುವ ಅಮ್ಮನನ್ನು ಕಂಡು, ಇಷ್ಟು ವರ್ಷದ ಅಭ್ಯಾಸಬಲದಿಂದ ಬಾಯಿ ತೆರೆದ.

"ಅಮ್ಮಾ, ಎಲ್ಲಿ..."

ಗೇರಕ್ಕ ಅವನ ಪಾದದ ಮೇಲೆ ತನ್ನ ಪಾದವಿಟ್ಟು ಒತ್ತಿದಳು. ಜೋರಾಗಿಯಲ್ಲ, ಹೊಸದಾಗಿ ಕಲಿಯುವವರು ಬೆಚ್ಚದ ಹಾಗೆ, ಹಂತಹಂತವಾಗಿ. ಮಾತು ಅರ್ಧದಲ್ಲೇ ನಿಂತಿತು. ಅವನು ಹೆಂಡತಿಯನ್ನು ನೋಡಿದ, ಅಮ್ಮನನ್ನು ನೋಡಿದ, ಬಾಯಿ ಮುಚ್ಚಿಕೊಂಡು ಹೋಗಿ ಗೇಟು ತೆಗೆದ. ಕಾರು ಎರಡೂ ಕಂಬಕ್ಕೆ ಅಂಚು ಬಿಟ್ಟು ಬೀದಿಗಿಳಿಯಿತು. ತಿರುವಿನಲ್ಲಿ ಬಲಕ್ಕೋ ಎಡಕ್ಕೋ ಎಂದು ಇಬ್ಬರೂ ಕತ್ತು ಚಾಚಿದರು. ಆಮೇಲೆ ಒಬ್ಬರನ್ನೊಬ್ಬರು ಕಂಡು ನಾಚಿ ಒಳಗೆ ಬಂದರು.

ಬೆಳಕಿರುವಾಗಲೇ ಅತ್ತೆ ವಾಪಸ್ಸು ಬಂದರು. ಕೈಯಲ್ಲೇನೂ ಇರಲಿಲ್ಲ. ಮುಖದಲ್ಲೂ ಓದುವಂಥದ್ದು ಏನೂ ಇರಲಿಲ್ಲ, ಕೆನ್ನೆಗೆ ಗಾಳಿ ಬಡಿದ ಕೆಂಪು ಬಿಟ್ಟ‌ರೆ. ಬೀಗದಕೈಯನ್ನು ಮೊಳೆಗೆ ತೂಗುಹಾಕಿ, ಮೆಷಿನ್ನಿನ ಮುಸುಕು ತೆಗೆದು, ಬಿಟ್ಟಲ್ಲಿಂದ ತುಳಿಯತೊಡಗಿದರು.

ಗೇರಕ್ಕ ಅಂಗಳಕ್ಕೆ ಬಂದಳು. ನಾಲ್ಕೂ ಗಾಲಿಗೆ ಹಳದಿ ಮಣ್ಣು ಮೆತ್ತಿತ್ತು, ಒದ್ದೆಯಾಗಿ, ಮಿನುಗುವ ಮರಳು ಬೆರೆತು. ಈ ಊರಿನ ಯಾವ ಬೀದಿಯಲ್ಲೂ ಅಂಥ ಮಣ್ಣಿಲ್ಲ ಎಂದು ಬೀದಿಗಳನ್ನೆಲ್ಲ ಬಲ್ಲ ಅವಳಿಗೆ ಗೊತ್ತಿತ್ತು. ನೀರಿನ ಹತ್ತಿರವೆಲ್ಲಾದರೂ ಇರಬೇಕು. ನದಿಯ ಕಡೆಯೇ? ಅದರಾಚೆಗೇ? ಕೇಳಬೇಕೆನ್ನಿಸಿತು. ಕೇಳಬಾರದೆನ್ನಿಸಿತು. ತಾನೂ ಒಂದು ದಿನ, ಕಲಿಯುವವರು ಯಾರೂ ಇಲ್ಲದ ಮಧ್ಯಾಹ್ನ, ಎಂದೂ ಅನ್ನಿಸಿತು.

ಅಂಗಡಿ ಮುಚ್ಚಿ ಬಂದ ವ್ಯಾನಿನ ಸದ್ದು ಬೀದಿಯ ತುದಿಯಲ್ಲಿ ಕೇಳಿತು. ಗೇರಕ್ಕ ಬೇಗಬೇಗ ಬಕೆಟ್ಟು ತಂದು, ಬಟ್ಟೆ ಅದ್ದಿ, ಅವನು ಗೇಟಿಗೆ ಬರುವುದರೊಳಗೆ ನಾಲ್ಕೂ ಗಾಲಿ ಒರೆಸಿಟ್ಟಳು.